ಘಟ್ಟ ಹತ್ತುವಾಗ ಕಾರು ಜರ್ಕ್ ಹೊಡೆದರೆ

ಕೇಳುಗರಿಗೆ ನಮಸ್ಕಾರ.

ಕಕ್ಕಡ ತಿಂಗಳ ಮಳೆ ಹಿಡಿದಿತ್ತು. ಸುಳ್ಯದಿಂದ ವಾಪಸ್ ಬರುತ್ತಿದ್ದೆ. ಸಂಪಾಜೆ ದಾಟಿ ಘಟ್ಟ ಹತ್ತುವಾಗ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಜರ್ಕ್ ಹೊಡೆಯಿತು. ಎಂಜಿನ್ ಗುರುತಿನ ಹಳದಿ ಲೈಟು ಮಿನುಗತೊಡಗಿತು. ಸಮತಟ್ಟು ಸಿಕ್ಕಿದಾಗ ಸರಿಹೋಗುತ್ತಿತ್ತು, ಏರು ಬಂದರೆ ಮತ್ತೆ ಅದೇ. ಮೆಕ್ಯಾನಿಕ್‌ಗಳು ಇದಕ್ಕೆ 'ಮಿಸ್ಸಿಂಗ್' ಅನ್ನುತ್ತಾರೆ. ಎಂಜಿನ್ ಒಳಗೆ ಪೆಟ್ರೋಲ್ ಉರಿಯುವ ನಾಲ್ಕು ಸಿಲಿಂಡರ್‌ಗಳಲ್ಲಿ ಒಂದು ಆಗಾಗ ಉರಿಯದೆ ಬಿಟ್ಟುಹೋಗುವುದು.

14 ವರ್ಷದ ಪೆಟ್ರೋಲ್ ಕಾರು ಅದು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ದೋಷ ಸೂಚಿಸುವ ಎರಡು ಕೋಡ್ ಬಂದವು. ಪಿ 0171 ಮತ್ತು ಪಿ 0302. ಮೊದಲನೆಯದನ್ನು ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸಿದರು. ದುಡ್ಡು ಹೋಯಿತು, ಜರ್ಕ್ ಹೋಗಲಿಲ್ಲ.

ಪಿ 0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು. ಪಿ 0302 ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಕೊನೆಯ ಅಂಕಿಯೇ ಸಿಲಿಂಡರಿನ ನಂಬರು. ಅದೂ ಸೊನ್ನೆಯಾಗಿ ಪಿ 0300 ಬಂದರೆ, ಇಂಥದ್ದೇ ಸಿಲಿಂಡರ್ ಎಂದು ಹೇಳಲು ಬರುತ್ತಿಲ್ಲ ಎಂದರ್ಥ. ಈಗ ನೋಡಿ, ಎರಡನೇ ಸಿಲಿಂಡರ್ ಉರಿಯದಿದ್ದರೆ ಅದರೊಳಗೆ ಹೋದ ಗಾಳಿ ಹಾಗೇ ಹೊರಗೆ ಬರುತ್ತದೆ. ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನಷ್ಟೇ ನೋಡುತ್ತದೆ. ಹಾಗಾಗಿ ಗಾಳಿ ಜಾಸ್ತಿ ಇದೆ ಅನ್ನುತ್ತದೆ. ನನ್ನ ಕಾರಿನ ಸೆನ್ಸರ್ ಚೆನ್ನಾಗಿಯೇ ಇತ್ತು. ಕೋಡ್ ಯಾವ ಕಡೆ ಹುಡುಕಬೇಕೆಂದು ತೋರಿಸುತ್ತದೆ, ಯಾವ ಸಾಮಾನು ಕೊಳ್ಳಬೇಕೆಂದು ಹೇಳುವುದಿಲ್ಲ. ಇದನ್ನು ಹೇಳಲೆಂದೇ ಇವತ್ತು ಬಂದಿದ್ದೇನೆ.

ಆಮೇಲೆ ಒಂದು ಸರಳ ಪರೀಕ್ಷೆ ಮಾಡಿದೆ. ನನ್ನ ಕಾರಿನಲ್ಲಿ ಕಿಡಿ ಹಾರಿಸುವ ಪ್ರತಿ ಪ್ಲಗ್‌ನ ಮೇಲೂ ಅದಕ್ಕೆ ಹೆಚ್ಚು ವೋಲ್ಟೇಜ್ ಕೊಡುವ ಒಂದೊಂದು ಕಾಯಿಲ್ ಇದೆ. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ, ಎರಡನೆಯ ಕಾಯಿಲನ್ನು ಮೂರಕ್ಕೂ ಮೂರರದ್ದನ್ನು ಎರಡಕ್ಕೂ ಹಾಕಿದೆ. ಕೋಡ್ ಅಳಿಸಿ ಅದೇ ಘಟ್ಟ ಹತ್ತಿದೆ. ಈ ಸಲ ಪಿ 0303 ಬಂತು! ದೋಷ ಕಾಯಿಲಿನ ಜೊತೆಗೇ ಹೋಗಿತ್ತು. ಬಿಚ್ಚಿ ನೋಡಿದರೆ ಅದರ ಕೆಳಗಿನ ರಬ್ಬರ್ ಬೂಟು, ಅಂದರೆ ಕವಚ, ಸೀಳಿತ್ತು. ಕೋಡ್ ಪಿ 0302 ಆಗಿಯೇ ಉಳಿದಿದ್ದರೆ ಪ್ಲಗ್ ಅದಲು ಬದಲು ಮಾಡಿ ನೋಡಬೇಕಿತ್ತು. ಅದೂ ಅಲ್ಲವಾದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಆಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒತ್ತಡ ಹಿಡಿಯುತ್ತದೆಯೇ ಎಂದು.

ಸಮತಟ್ಟಿನಲ್ಲಿ ಸುಮ್ನಿದ್ದ ಕಾರು ಏರಿನಲ್ಲೇ ಯಾಕೆ ಹಟ ಮಾಡುತ್ತದೆ? ಏರಿನಲ್ಲಿ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ. ಪ್ಲಗ್‌ನ ಸಂದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸೀಳಿದ ರಬ್ಬರಿನ ಮೇಲೆ ತೇವ ಕೂತಿದ್ದರೆ ಕರೆಂಟಿಗೆ ಅದೇ ಸುಲಭದ ದಾರಿ. ಕಿಡಿ ಪ್ಲಗ್‌ನ ತುದಿಯಲ್ಲಿ ಹಾರದೆ ಎಂಜಿನ್ ಬಾಡಿಗೆ ಹಾರಿಬಿಡುತ್ತದೆ. ಅದಕ್ಕೇ ಕೊಡಗಿನ ಮಳೆಗಾಲದಲ್ಲಿ ಮೊದಲು ತೇವ ನೋಡಿ. ಪ್ಲಗ್ ಕೂರುವ ಗುಂಡಿಯಲ್ಲಿ ನೀರಿದೆಯೇ, ಎಣ್ಣೆ ಇಳಿದಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಎಂಜಿನ್ ಓಡುತ್ತಿರುವಾಗ ಮಾತ್ರ ಕಾಯಿಲ್, ವೈರ್ ಮುಟ್ಟಬೇಡಿ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಎರಡನೆಯದು ಇಲಿ. ಸೌದೆ, ಕಾಫಿ ಮೂಟೆ ಇಟ್ಟ ಶೆಡ್ಡಿನಲ್ಲೇ ಕಾರನ್ನೂ ನಿಲ್ಲಿಸುತ್ತೇವೆ ಅಲ್ವಾ? ಮಳೆಯೆಂದು ನಾಲ್ಕು ದಿನ ಕಾರು ತೆಗೆಯದಿದ್ದರೆ ಸಾಕು, ಬಾನೆಟ್ ಒಳಗೆ ಇಲಿ ಸೇರಿಕೊಂಡು ವೈರ್ ಕಡಿದಿರುತ್ತದೆ. ಇಂಜೆಕ್ಟರಿನ ವೈರ್ ತುಂಡಾದರೂ ಮಿಸ್ಸಿಂಗ್ ಬರುತ್ತದೆ.

ಕೆಲವರು ಬ್ಯಾಟರಿ ವೈರ್ ಬಿಚ್ಚಿ ಹಾಕಿ ಲೈಟು ಆರಿಸುತ್ತಾರೆ. ಲೈಟಿನ ಜೊತೆ ಕೋಡ್ ಕೂಡ ಅಳಿಸಿಹೋಗಬಹುದು. ಮೊದಲು ಕೋಡ್ ಬರೆದಿಟ್ಟುಕೊಳ್ಳಿ.

ಲೈಟು ಒಂದೇ ಸಮ ಉರಿಯುತ್ತಿದ್ದು ಓಟದಲ್ಲಿ ವ್ಯತ್ಯಾಸ ಇಲ್ಲದಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿನುಗಿದರೆ ಕಾಲು ಸಡಿಲಿಸಿ, ಜಾಗ ನೋಡಿ ನಿಲ್ಲಿಸಿ. ಅವತ್ತು ನಾನು ಹಾಗೇ ಮಡಿಕೇರಿವರೆಗೆ ಓಡಿಸಿದ್ದು ತಪ್ಪು. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿದ್ದು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕೆಂಪಗೆ ಕಾದು ಹಾಳಾಗುತ್ತದೆ. ಅದರ ಬೆಲೆಯ ಮುಂದೆ ಪ್ಲಗ್, ಕಾಯಿಲ್ ಏನೂ ಅಲ್ಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಂತೂ ಅಂಥ ಕಾರನ್ನು ತೋಟದೊಳಗೆ ಸಿಲ್ವರ್ ಓಕ್ ಮರದಡಿ, ಒಣ ತರಗೆಲೆಯ ಮೇಲೆ ನಿಲ್ಲಿಸಲೇಬೇಡಿ. ಬೆಂಕಿ ಹತ್ತಿಕೊಳ್ಳಬಹುದು.

ನಮಸ್ಕಾರ.