ಚಿತ್ರ ನೋಡಿದವರು, ಕೆಳಗಿನ ಸಾಲು ಓದದವರು

ನಮಸ್ಕಾರ. ಸ್ಟೋರಿ ಪಾಯಿಂಟ್ ಅಂದರೆ ಒಂದು ಕೆಲಸ ಎಷ್ಟು ದೊಡ್ಡದು ಅನ್ನುವ ಅಂದಾಜು, ವೆಲಾಸಿಟಿ ಅಂದರೆ ಒಂದು ಸುತ್ತಿನಲ್ಲಿ ತಂಡ ಎಷ್ಟು ಕೆಲಸ ಮುಗಿಸುತ್ತದೆ ಅನ್ನುವ ಅಳತೆ. ಈ ಎರಡು ಪದ ಸ್ಕ್ರಮ್ ಗೈಡ್‌ನಲ್ಲಿ, ಅಂದರೆ ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯ ಅಧಿಕೃತ ಕೈಪಿಡಿಯಲ್ಲಿ, ಎಷ್ಟು ಸಲ ಬರುತ್ತವೆ ಹೇಳಿ ನೋಡೋಣ? ಒಂದು ಸಲವೂ ಇಲ್ಲ. 2020ರ ಆವೃತ್ತಿ ಬರೀ 13 ಪುಟ. ಆದರೂ ವರ್ಷಗಟ್ಟಲೆ ಸ್ಕ್ರಮ್ ತಂಡದಲ್ಲಿದ್ದು ಅದನ್ನು ತೆರೆದೇ ನೋಡದವರು ಇದ್ದಾರೆ. ನಾನೂ ಹಾಗೇ ಇದ್ದೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಅಡ್ಡಿ ಏನು ಅಂತ ದಿನಾ ಕೇಳಲೇಬೇಕು ಅಂದುಕೊಂಡಿದ್ದೆ. ಆ ಮೂರು ಪ್ರಶ್ನೆಗಳನ್ನು ಅದೇ 2020ರಲ್ಲಿ ಗೈಡ್‌ನಿಂದ ತೆಗೆದಿದ್ದಾರೆ.

ಇದಕ್ಕಿಂತ ದೊಡ್ಡ ಕಥೆ ವಾಟರ್‌ಫಾಲ್‌ದು, ಅಂದರೆ ಒಂದು ಹಂತ ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗುವ ಪದ್ಧತಿಯದು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಅನ್ನುವ ಸಾಫ್ಟ್‌ವೇರ್ ತಜ್ಞರು ದೊಡ್ಡ ಸಾಫ್ಟ್‌ವೇರ್ ಕಟ್ಟುವ ಬಗ್ಗೆ ಒಂದು ಲೇಖನ ಬರೆದರು. ಕೆಲಸದ ಹಂತಗಳು ಒಂದಾದ ಮೇಲೊಂದು ಮೆಟ್ಟಿಲಿನಂತೆ ಇಳಿಯುವ ಚಿತ್ರ ಅದರಲ್ಲಿದೆ. ವಾಟರ್‌ಫಾಲ್ ಶುರುವಾಗಿದ್ದೇ ಇಲ್ಲಿಂದ ಅಂತ ಎಷ್ಟೋ ಸ್ಲೈಡ್‌ಗಳಲ್ಲಿ ತೋರಿಸುತ್ತಾರೆ. ಲೇಖನ ಓದಿ ನೋಡಿ. ವಾಟರ್‌ಫಾಲ್ ಅನ್ನುವ ಪದವೇ ಅದರಲ್ಲಿಲ್ಲ! ಹೀಗೇ ಮಾಡಿದರೆ ಅಪಾಯ, ಕೆಲಸ ಕೆಡುತ್ತದೆ ಅಂತ ರಾಯ್ಸ್ ಅವರೇ ಬರೆದಿದ್ದಾರೆ. ಹೊಸ ಥರದ ಸಾಫ್ಟ್‌ವೇರ್ ಆದರೆ ಮೊದಲು ಒಂದು ಸಲ ಚಿಕ್ಕದಾಗಿ ಕಟ್ಟಿ ನೋಡಿ, ಗ್ರಾಹಕರನ್ನು ಜೊತೆಗಿಟ್ಟುಕೊಳ್ಳಿ ಅನ್ನುತ್ತಾರೆ. ಚಿತ್ರ ಮಾತ್ರ ಕೈಯಿಂದ ಕೈಗೆ ಹೋಯಿತು, ಎಚ್ಚರಿಕೆ ಅಲ್ಲೇ ಉಳಿಯಿತು. ಸಾರಾಂಶ ಓದಿದರೆ ಸಾಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹಾಗಂತ ಸ್ಕ್ರಮ್‌ನಂಥ ವಿಷಯದಲ್ಲಿ ಟ್ರೈನಿಂಗ್ ತೊಗೊಂಡು ಸರ್ಟಿಫಿಕೇಟ್ ಮಾಡಬೇಡಿ ಅಂತ ಹೇಳುತ್ತಿಲ್ಲ. ಆದರೆ ಟ್ರೈನಿಂಗ್‌ನಲ್ಲಿ ಏನು ಕಲಿಸಬೇಕು ಅಂತ ಬೇರೆ ಯಾರೋ ಗೊತ್ತು ಮಾಡಿರುತ್ತಾರೆ. ಈ ವಾರ ನಿಮ್ಮ ತಲೆ ತಿನ್ನುತ್ತಿರುವ ಸಮಸ್ಯೆ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ನಿಮ್ಮದು ಐದು ಜನರ ತಂಡ, ಕೆಲಸ ತಡವಾಗಿದೆ ಅಂತಿಟ್ಟುಕೊಳ್ಳಿ. ಇನ್ನೂ ಐದು ಜನರನ್ನು ಕೊಡುತ್ತೇವೆ ಅಂತ ಮೇಲಿನವರು ಹೇಳುತ್ತಾರೆ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಸಾಫ್ಟ್‌ವೇರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದದ್ದನ್ನು ನೀವು ಓದಿದ್ದರೆ ಸುಮ್ನೆ ತಲೆ ಆಡಿಸುವುದಿಲ್ಲ. ಐದು ಜನರ ನಡುವೆ ಮಾತುಕತೆಯ ಜೋಡಿಗಳು 10. ಹತ್ತು ಜನ ಆದರೆ 45. ಹೊಸಬರಿಗೆ ಕೆಲಸ ಹೇಳಿಕೊಡುವುದು ಯಾರು? ಈಗಾಗಲೇ ಸಮಯ ಸಾಲದೆ ಒದ್ದಾಡುತ್ತಿರುವವರೇ. ಇಷ್ಟು ಲೆಕ್ಕ ಕೈಯಲ್ಲಿದ್ದರೆ ಆ ಮೀಟಿಂಗ್‌ನಲ್ಲಿ ನಿಮ್ಮ ಮಾತಿನ ತೂಕವೇ ಬೇರೆ. ಇಂಥ ಓದು ಯಾವ ಸಿಲಬಸ್‌ನಿಂದಲೂ ಬರುವುದಿಲ್ಲ. ಸಿಕ್ಕಿಹಾಕಿಕೊಂಡ ಜಾಗದಿಂದ ನೀವೇ ಹುಡುಕಿಕೊಂಡು ಹೋಗಬೇಕು.

ಮುಂದಿನ ರೆಟ್ರೋಗೆ, ಅಂದರೆ ಕೆಲಸ ಹೇಗೆ ನಡೆಯಿತು ಅಂತ ತಂಡ ಹಿಂತಿರುಗಿ ನೋಡುವ ಮೀಟಿಂಗ್‌ಗೆ, ಮೊದಲು ಸ್ಕ್ರಮ್ ಗೈಡ್‌ನ ಆ 13 ಪುಟ ಓದಿ. ನಿಮ್ಮ ತಂಡ ಮಾಡುತ್ತಿರುವುದರಲ್ಲಿ ಯಾವುದು ಅಲ್ಲಿದೆ, ಯಾವುದು ಇಲ್ಲ ಅಂತ ಗುರುತು ಹಾಕಿಕೊಳ್ಳಿ. ಆ ಕಾಗದವನ್ನೇ ರೆಟ್ರೋದಲ್ಲಿ ಎಲ್ಲರ ಮುಂದೆ ಇಡಿ.