ಚಂದ್ರನಿಗಿಲ್ಲದ ಹೊದಿಕೆ

ಕೇಳುಗರಿಗೆ ನಮಸ್ಕಾರ.

ಭೂಮಿಯ ಮೇಲೆ ಜೀವ ಯಾಕಿದೆ ಎಂದು ಕೇಳಿದರೆ ಶಾಲೆಯಲ್ಲಿ ಕಲಿತ ಉತ್ತರ ಥಟ್ಟನೆ ಬರುತ್ತದೆ: ಸೂರ್ಯನಿಗೆ ತೀರಾ ಹತ್ತಿರವೂ ಅಲ್ಲ, ತೀರಾ ದೂರವೂ ಅಲ್ಲ, ಸುಮಾರು 15 ಕೋಟಿ ಕಿಲೋಮೀಟರ್. ತಪ್ಪಲ್ಲ, ಆದರೆ ಸಾಲದು. ಚಂದ್ರನೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದ್ದಾನಲ್ಲ! ಅಲ್ಲಿ ಹಗಲಿನ ಬಿಸಿ 100 ಡಿಗ್ರಿ ದಾಟುತ್ತದೆ, ರಾತ್ರಿಯ ಚಳಿ ಸೊನ್ನೆಗಿಂತ 100 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಒಂದು ಹುಲ್ಲುಕಡ್ಡಿಯೂ ಇಲ್ಲ.

ವ್ಯತ್ಯಾಸವಿರುವುದು ಗಾಳಿಯಲ್ಲಿ. ಗಾಳಿಯನ್ನು ಹಿಡಿದಿಟ್ಟುಕೊಳ್ಳುವಷ್ಟು ಗುರುತ್ವ ಚಂದ್ರನಿಗಿಲ್ಲ, ಭೂಮಿಗಿದೆ. ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್ ನೆಲದಿಂದ ಮೇಲೇಳುವ ಶಾಖವನ್ನು ತಡೆದು ಹೊದಿಕೆಯಂತೆ ನಮ್ಮನ್ನು ಬೆಚ್ಚಗಿಡುತ್ತವೆ. ಇವಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ 15 ಡಿಗ್ರಿಯ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಹೊದಿಕೆ ದಪ್ಪವಾದರೂ ಕಷ್ಟವೇ. ಶುಕ್ರಗ್ರಹದ ಗಾಳಿಯಲ್ಲಿ ನೂರಕ್ಕೆ 96 ಪಾಲು ಇಂಗಾಲದ ಡೈಆಕ್ಸೈಡ್. ಅಲ್ಲಿನ ನೆಲ ಸೀಸ ಕರಗುವಷ್ಟು ಕಾದಿದೆ.

ಇನ್ನು ನಾವು ಉಸಿರಾಡುವ ಆಮ್ಲಜನಕ. ಅದು ಭೂಮಿಗೆ ಹುಟ್ಟಿನಿಂದ ಬಂದದ್ದಲ್ಲ. ಕಣ್ಣಿಗೆ ಕಾಣದ ಸಯನೋಬ್ಯಾಕ್ಟೀರಿಯಾಗಳು ಬಿಸಿಲಿನ ಬಲದಿಂದ ಆಹಾರ ತಯಾರಿಸಿಕೊಳ್ಳುತ್ತಾ ಬೇಡವೆಂದು ಹೊರಬಿಟ್ಟ ಅನಿಲ ಅದು. ಗಾಳಿಯಲ್ಲಿ ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದರಿಂದಲೇ ಮೇಲೆ ಓಝೋನ್ ಪದರ ಮೂಡಿ, ಜೀವಕ್ಕೆ ಹಾನಿಮಾಡುವ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯಿತು. ಜೀವಿಗಳು ಕಡಲಿನಿಂದ ನೆಲಕ್ಕೆ ಹತ್ತಿ ನೆಲೆಸುವುದಕ್ಕೆ ಅನುಕೂಲವಾಯಿತು. ಅಂದರೆ ಬದುಕಲು ತಕ್ಕ ಭೂಮಿಯನ್ನು ಬಹುಮಟ್ಟಿಗೆ ಜೀವಿಗಳೇ ಮಾಡಿಕೊಂಡವು. ನನಗಂತೂ ಎಲ್ಲಕ್ಕಿಂತ ಬೆರಗಿನ ಸಂಗತಿ ಇದೇ.

'ಭೂಮಿ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಬಿಡಿ' ಎನ್ನುವವರಿದ್ದಾರೆ. ನಿಜವೇ. ಮಳೆನೀರು ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು, ಬಂಡೆಗಳನ್ನು ಸವೆಸಿ ಕಡಲು ಸೇರುತ್ತದೆ. ಅಲ್ಲಿ ಆ ಇಂಗಾಲ ಸುಣ್ಣದ ಕಲ್ಲಾಗಿ ಕೂರುತ್ತದೆ. ಆದರೆ ಈ ಕೆಲಸಕ್ಕೆ ಲಕ್ಷಾಂತರ ವರ್ಷ ಬೇಕು. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಪಾಲಿದ್ದ ಆ ಅನಿಲವನ್ನು ನಾವು ಕಲ್ಲಿದ್ದಲು, ತೈಲ ಸುಟ್ಟು, ಕಾಡು ಕಡಿದು 420ರ ಆಚೆಗೆ ಒಯ್ದದ್ದು ಇನ್ನೂರು ಚಿಲ್ಲರೆ ವರ್ಷಗಳಲ್ಲಿ.

ಹಾಗಾದರೆ ಮಾಡುವುದೇನು? ಸಸಿ ನೆಡುವ ಸಮಾರಂಭಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ನೆಟ್ಟವರು ಫೋಟೊ ತೆಗೆಸಿಕೊಂಡು ಹೋದಮೇಲೆ ನೀರು ಹಾಕುವವರು ಯಾರು? ಇರುವ ಕಾಡು, ಜೌಗುನೆಲಗಳನ್ನು ಉಳಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ. ಶತಮಾನಗಳ ಇಂಗಾಲ ಅವುಗಳ ಮಣ್ಣಿನಲ್ಲಿದೆ. ಮನೆಯಲ್ಲಿ ಹಸಿಕಸವನ್ನು ಗೊಬ್ಬರ ಮಾಡಿ. ಕಸದ ಗುಡ್ಡೆಯಡಿ ಗಾಳಿಯಾಡದೆ ಕೊಳೆತರೆ ಅದೇ ಮೀಥೇನ್ ಎಂಬ ಶಾಖ ಹಿಡಿಯುವ ಅನಿಲವಾಗುತ್ತದೆ. ಹಳೆಯ ಎಸಿಯನ್ನು ಗುಜರಿಗೆ ಹಾಕುವ ಮುನ್ನ ಅದರೊಳಗಿನ ಅನಿಲವನ್ನು ಬಲ್ಲ ಮೆಕ್ಯಾನಿಕ್ ಕೈಯಲ್ಲಿ ಸಿಲಿಂಡರಿಗೆ ತುಂಬಿಸಿ. ಸುಮ್ಮನೆ ಬಿಟ್ಟರೆ ಅಂಥ ಕೆಲವು ಅನಿಲಗಳು ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತವೆ.

ಇಷ್ಟರಿಂದ ಏನಾದೀತು ಎನ್ನಬೇಡಿ. ಅಂಟಾರ್ಕ್ಟಿಕಾದ ಮೇಲೆ ಓಝೋನ್ ಪದರ ತೆಳುವಾಗುತ್ತಿದೆ ಎಂದು ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. 1987ರಲ್ಲೇ ಮಾಂಟ್ರಿಯಲ್ ಒಪ್ಪಂದವಾಯಿತು. ಓಝೋನನ್ನು ಒಡೆಯುತ್ತಿದ್ದ, ಫ್ರಿಜ್, ಸ್ಪ್ರೇಗಳಲ್ಲಿದ್ದ ಸಿಎಫ್‌ಸಿ ಅನಿಲಗಳನ್ನು ಕೈಬಿಡಲು ಕ್ರಮೇಣ ಜಗತ್ತಿನ ಎಲ್ಲ ದೇಶಗಳೂ ಒಪ್ಪಿದವು. ಪದರ ಈಗ ಚೇತರಿಸಿಕೊಳ್ಳುತ್ತಿದೆ; ಅಂಟಾರ್ಕ್ಟಿಕಾದ ಮೇಲೆ 1980ರ ಸ್ಥಿತಿಗೆ ಮರಳುವುದು 2066ರ ಸುಮಾರಿಗೆ ಎಂಬ ಅಂದಾಜಿದೆ. ಕಲ್ಲಿದ್ದಲನ್ನು ಬಿಡುವುದು ಅಷ್ಟು ಸಲೀಸಲ್ಲ, ಒಪ್ಪುತ್ತೇನೆ. ಅಲ್ಲಿ ಬದಲಾಯಿಸಬೇಕಿದ್ದದ್ದು ಕೆಲವೇ ರಾಸಾಯನಿಕಗಳನ್ನು. ಇಲ್ಲಿ ಕಾರ್ಖಾನೆಯಿಂದ ವಾಹನದವರೆಗೆ ಎಲ್ಲವನ್ನೂ ನಡೆಸುವ ಶಕ್ತಿಯ ಮೂಲವನ್ನೇ.

ನಮಸ್ಕಾರ.