ಬೆಡ್ ಲೆಕ್ಕ ಆಮ್ಯಾಲ, ಮೊದಲ ಗೇಟ್ ನೋಡ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ, ಗದಗ, ಹಾವೇರಿ ಕಡಿಂದ ನರ್ಸ್‌ಗಳು, ಹೌಸ್ ಸರ್ಜನ್‌ಗಳು ಬಂದೀರಿ, ಅದಕ ಸೀದಾ ವಿಷಯಕ್ಕ ಬರ್ತೀನಿ. ಸಾಂಕ್ರಾಮಿಕ ರೋಗ ಬಂತಂದ್ರ ಎಲ್ಲಾರೂ ಕೇಳೋದು ಎಷ್ಟ್ ಬೆಡ್ ಅದಾವ ಅಂತ. ಗೇಟಿನಾಗ ಯಾರ್ ನಿಂತಾರ, ರಾತ್ರಿ ಸಿಲಿಂಡರ್ ಯಾರ್ ಬದಲಿಸ್ತಾರ, ವಾರ್ಡಿನ ಕಸ ಯಾರ್ ಒಯ್ತಾರ, ಅದನ್ನ ಮೊದಲ ಕೇಳ್ರಿ.

2018ರ ಮೇ ತಿಂಗಳದಾಗ ಕೇರಳದ ಕೋಳಿಕ್ಕೋಡಿನ ಕಡೆ ನಿಫಾ ವೈರಸ್ ಬಂತಲ್ರೀ, ಆಗ ಹೆಚ್ಚಿನ ಮಂದಿಗೆ ಸೋಂಕು ತಗುಲಿದ್ದು ಆಸ್ಪತ್ರ್ಯಾಗ. ಏನ್ ರೋಗ ಅಂತ ಗೊತ್ತಾಗೋಕಿಂತ ಮೊದಲ ಪೇಷಂಟನ್ನ ನೋಡ್ಕೊಂಡ ಪೆರಾಂಬ್ರ ತಾಲೂಕಾ ಆಸ್ಪತ್ರಿ ನರ್ಸ್ ಲಿನಿ ಜೀವಾನ ಕಳ್ಕೊಂಡ್ರು. ಹಂಗಾಗಿ ಜ್ವರ ಕೆಮ್ಮು ಇದ್ದೋರಿಗೆ ಗೇಟಿನಾಗ ಮಾಸ್ಕ್ ಕೊಟ್ಟು ಬ್ಯಾರೆ ದಾರಿಲೇ ಕಳಸ್ರಿ, ಓಪಿಡಿ ಪಾಳಿಯಾಗ ಬಸುರಿ ಹೆಣ್ಮಕ್ಕಳ ಬಾಜೂಕ ನಿಲ್ಲಿಸಬ್ಯಾಡ್ರಿ, ರಿಪೋರ್ಟ್ ಬರೋತನಕ ಕಾಯಬ್ಯಾಡ್ರಿ.

ನಮ್ಮ ಕಡೆ ಒಬ್ಬ ಪೇಷಂಟ್ ಜೋಡಿ ನಾಕ್ ಮಂದಿ ಬುತ್ತಿ ಕಟ್ಕೊಂಡು ಬರ್ತಾರ, ವಾರ್ಡಿನ ಹೊರಗ ಚಾಪಿ ಹಾಸ್ತಾರ. ರೋಣದಿಂದ, ಹಾನಗಲ್ಲಿಂದ ಬಂದೋರು ಎಲ್ಲಿಗೆ ಹೋಗ್ಬೇಕ್ ಹೇಳ್ರಿ? ಬೈದ್ರ ಕೆಲಸ ಆಗೂದಿಲ್ಲ. ಹೊರಗ ನೆರಳು, ನೀರು ಮಾಡ್ರಿ, ದಿನಕ್ಕೆರಡ ಸಲ ಒಬ್ಬರು ಹೋಗಿ ನಿಮ್ಮ ಪೇಷಂಟ್ ಹಿಂಗದಾರ ಅಂತ ಹೇಳ್ರಿ, ಸುದ್ದಿ ಸಿಕ್ರ ಮಂದಿ ಒಳಗ ನುಗ್ಗೂದಿಲ್ಲ.

ಈಗ ಆಕ್ಸಿಜನ್. ಇದನ್ನ ಬರ್ಕೋರಿ. ಒಂದು ಜಂಬೋ ಸಿಲಿಂಡರ್‌ನಾಗ ಸುಮಾರು 7,000 ಲೀಟರ್ ಇರ್ತೈತಿ. ನಿಮಿಷಕ್ಕ 15 ಲೀಟರ್ ಮಾಸ್ಕಿಗೆ ಹಚ್ಚಿದ್ರ ಏಳೂವರಿ ತಾಸು ಬರ್ತೈತಿ, ಮೂಗಿನಾಗ ಜೋರಾಗಿ ಆಕ್ಸಿಜನ್ ಬಿಡೋ ಹೈ ಫ್ಲೋ ಮಷಿನ್ನಿಗೆ ನಿಮಿಷಕ್ಕ ಪೂರ್ತಿ ಆಕ್ಸಿಜನ್ 60 ಲೀಟರ್ ಬಿಟ್ರ ಎರಡ್ ತಾಸೂ ಬರೂದಿಲ್ಲ. ಅಂಥ 10 ಮಂದಿ ಇದ್ರ ರಾತ್ರಿ ಎಂಟರಿಂದ ಮುಂಜಾನಿ ಎಂಟರತನಕ 60 ಸಿಲಿಂಡರ್ ದಾಟ್ತಾವ್ರಿ! 2021ರ ಮೇದಾಗ ಚಾಮರಾಜನಗರದಾಗ ಆಕ್ಸಿಜನ್ ಸಾಲದ ಒಂದ ರಾತ್ರ್ಯಾಗ ಏನಾತು ಅಂತ ಇಡೀ ರಾಜ್ಯ ನೋಡೇತಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನಿಂದ ಲಿಕ್ವಿಡ್ ಆಕ್ಸಿಜನ್ ಟ್ಯಾಂಕರ್ ಬಂದ್ರೂ ಇಲ್ಲಿ ಪ್ರೆಷರ್ ಮೀಟರ್ ನೋಡೋ ಮನುಷ್ಯಾ ನಿದ್ದಿಗೆಟ್ಟು ಸುಸ್ತಾಗಿದ್ರ ಏನೂ ಉಪಯೋಗಿಲ್ಲ. ಊಟಾ ಮಾಡೋ ಪೇಷಂಟಿನ ವಾಲ್ವ್ ಬಂದ್ ಮಾಡೋದು ಬ್ಯಾಡ, ಮಾಸ್ಕ್ ತಗದು ಮೂಗಿನ ಪೈಪ್ ಹಚ್ರಿ, ಫ್ಲೋ ಕಡಿಮಿ ಇಡ್ರಿ. ಬಾಜೂಕ ಇಟ್ಟ ಮಾಸ್ಕಿನಾಗಿಂದ ಹರದು ಹೋಗೋದು ಬ್ಯಾರೆ ಯಾರದೋ ಉಸಿರು.

ಪಿಪಿಇ, ಅಂದ್ರ ಸೋಂಕು ತಗಲದಂಗ ಮೈತುಂಬ ಹಾಕೋ ಕಿಟ್, ಅದನ್ನ ಹಾಕೋದನ್ನ ಎಲ್ಲಾರೂ ಕಲಸ್ತಾರ. ಸೋಂಕು ತಗಲೋ ಭಯ ಹೆಚ್ಚಿರೋದು ಅದನ್ನ ಬಿಚ್ಚೋವಾಗ, ಬೆವತು ಸುಸ್ತಾದಾಗ. ಬಿಚ್ಚೋವಾಗ ಎದುರಿಗೆ ಒಬ್ಬರು ನಿಂತು ನೋಡ್ಲೇಬೇಕು, ನರ್ಸ್‌ಗಷ್ಟ ಅಲ್ಲ, ಆಯಾಗಳಿಗೂ, ಶವ ಸಾಗಸೋರಿಗೂ. ಗುತ್ತಿಗಿ ಮ್ಯಾಲಿನ ಮಂದಿಗೆ ವೇಳ್ಯಾಕ್ಕ ಪಗಾರ ಕೊಡದ, ರಜಾ ಕೊಡದ, ನೀವ ಕೊರೊನಾ ವಾರಿಯರ್ಸ್ ಅಂತ ಚಪ್ಪಾಳಿ ಹೊಡದ್ರ ನನಗ ಸಿಟ್ಟು ಬರ್ತೈತ್ರಿ.

ನಿಮ್ಮ ನಿಮ್ಮ ಆಸ್ಪತ್ರ್ಯಾಗ ಮುಂದಿನ ಮಾಕ್ ಡ್ರಿಲ್ ರಾತ್ರಿ ಎರಡಕ್ಕ ಇಡ್ರಿ. ಹಿಂದಿನ ದಿನದ ಮೀಟಿಂಗಿಗೆ ಸಿಲಿಂಡರ್ ಬದಲಿಸೋ ಹುಡುಗನ್ನ, ಗೇಟಿನ ಸೆಕ್ಯುರಿಟಿಯವರನ್ನ ಕರದು ಕುರ್ಚಿ ಹಾಕ್ರಿ, ಅವ್ರು ಹೇಳಿದ್ದನ್ನ ಬರ್ಕೋರಿ. ಈಗ ಪ್ರಶ್ನೆ ಇದ್ರ ಕೇಳ್ರಿ.